ಜಪಾನಿ ಓದ್ತೀನಿ ಅಂದ್ರೆ ನಗ್ತೀರಲ್ಲ, ಯಾಕೆ?

ಹೋದ ಸಲ ಉಪ್ಸಾರಿನ ಕಾರ ಅರೆಯೋ ಬಗ್ಗೆ ಬರೆದಿದ್ದೆ. ಬಾಳ ಜನ ಮಾಡಿ ನೋಡಿ ಚೆನ್ನಾಗೈತೆ ಅಂದ್ರಿ, ಸಂತೋಷ ಆಯ್ತು. ಇವತ್ತು ಅಡುಗೆ ಇಲ್ಲ. ಇವತ್ತು ಜಗಳ. ನಿಮ್ಮಲ್ಲಿ ಅರ್ಧ ಜನದ ಜೊತೆಗೇ ಜಗಳ, ಅದಕ್ಕೇ ಮೊದಲೇ ಹೇಳಿಬಿಡ್ತೀನಿ. ಬೇಜಾರಾದ್ರೆ ದುದ್ದದ ಮನೆಗೇ ಬನ್ನಿ, ಕಾಫಿ ಕೊಟ್ಟು ಇನ್ನೊಂದೀಟು ಜಗಳ ಆಡ್ತೀನಿ.

ವಿಷಯ ನಿಮಗೆ ಗೊತ್ತಿರೋದೇ. ನನ್ನ ತಂಗಿ ಮಗಳು ನಮ್ಮ ಮನೇಲೇ ಇದ್ಕೊಂಡು ದಿನಾ ಬಸ್ಸಲ್ಲಿ ಹಾಸನಕ್ಕೆ ಹೋಗಿ ಬಿ.ಕಾಂ. ಮುಗಿಸಿದ್ಲು. ಮೂರು ವರ್ಷ ಅವ್ಳಿಗೆ ಡಬ್ಬಿ ಕಟ್ಟಿದ್ದು ನಾನು, ಆದ್ರಿಂದ ಅವ್ಳ ವಿಷಯದಲ್ಲಿ ಮಾತಾಡೋ ಹಕ್ಕು ನಂಗೂ ಐತೆ. ಈಗ ಅವ್ಳು ಬೆಂಗಳೂರಿಗೆ ಹೋಗಿ ಲೆಕ್ಕಪತ್ರದ ಕೆಲಸಕ್ಕೆ ಸೇರ್ಕೊಂಡು, ಅದರ ಜೊತೆಗೇ ಯೂನಿವರ್ಸಿಟೀಲಿ ಜಪಾನಿ ಭಾಷೆ ಓದ್ತೀನಿ ಅಂತಾವ್ಳೆ. ಮೊದಲು ಸರ್ಟಿಫಿಕೇಟು, ಆಮೇಲೆ ಡಿಪ್ಲೊಮಾ, ಅದರ ಮೇಲಿಂದು.

ಗೃಹಪ್ರವೇಶದ ಊಟದ ಪಂಕ್ತೀಲಿ ಈ ಮಾತು ಬಂತು. ಎಷ್ಟು ನಗು! ಒಬ್ರು, 'ನೂಡಲ್ಸ್ ಅಂಗಡಿ ಇಡ್ತಾಳಾ' ಅಂದ್ರು. ಇನ್ನೊಬ್ರು ಕಣ್ಣನ್ನ ಬೆರಳಲ್ಲಿ ಎಳೆದು ತೋರಿಸಿದ್ರು. ದೊಡ್ಡವರು ಒಬ್ರು ಇದ್ದಾರೆ, ಹೆಸರು ಹೇಳಲ್ಲ, ಅವರಂತೂ ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ, 'ಇಪ್ಪತ್ತೆರಡು ತುಂಬಿದ ಹುಡುಗಿಗೆ ಜಪಾನಿ ಯಾಕಮ್ಮ, ಗಂಡು ನೋಡಿ' ಅಂದ್ರು. ಹುಡುಗಿ ತಲೆ ಎತ್ತಲಿಲ್ಲ. ಎಲೇಲಿದ್ದ ಪಾಯಸ ಹಂಗೇ ಬಿಟ್ಟು ಎದ್ಲು. ಅವತ್ತು ನಾನೂ ಬಾಯಿ ಬಿಡಲಿಲ್ಲ. ಅದೇ ನಂಗೆ ಈಗ ಹೊಟ್ಟೇಲಿ ಕುಂತ್ಕೊಂಡು ಬಿಟ್ಟೈತೆ.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ನಂಗೂ ಇದು ಹುಚ್ಚು ಅಂತಲೇ ಅನ್ನಿಸಿತ್ತು. ರಾತ್ರಿ ಒಂದು ಗಂಟೆಗೆ ಎದ್ದು ನೋಡಿದ್ರೆ ಕಂಬಳಿ ಒಳಗೆ ಫೋನಿನ ಬೆಳಕು. ಕೊರಿಯಾದ ಧಾರಾವಾಹಿ. ಚೆನ್ನಾಗಿ ಬೈದಿದ್ದೆ. ಅದರಲ್ಲಿ ಹುಡುಗಿ ಅವ್ಳ ಅಪ್ಪನ್ನ 'ಅಪ್ಪ' ಅಂತಲೇ ಕರೀತಿದ್ಲು, ಅಮ್ಮನ್ನ 'ಒಮ್ಮಾ' ಅಂತಿದ್ಲು, ಅದನ್ನ ಕೇಳಿ ನಂಗೂ ನಗು ಬಂತು ಅನ್ನಿ. ಅಲ್ಲಿಂದ ಶುರುವಾಗಿದ್ದು ಹೆಂಗೋ ಜಪಾನಿಗೆ ಹೋಯ್ತು. ದಿನಚರಿ ಪುಸ್ತಕದ ಹಿಂದುಗಡೆ ಅಕ್ಷರ ತಿದ್ದೋಕೆ ಶುರು ಮಾಡಿದ್ಲು. ನಾನು ಅವರೆಕಾಳು ಸುಲೀತಾ ಪಕ್ಕದಲ್ಲಿ ಕುಂತು ಕೇಳಿದೆ, ಏನೇ ಇದು ಅಂತ. ಅವತ್ತು ಅವ್ಳು ಹೇಳಿದ್ದನ್ನ ನಿಮಗೂ ಹೇಳ್ತೀನಿ, ಯಾಕಂದ್ರೆ ನನ್ನ ಮನಸ್ಸು ತಿರುಗಿದ್ದು ಅಲ್ಲಿಂದಲೇ.

ನಾವು 'ತಿಂದು ನೋಡು' ಅಂತೀವಲ್ಲ, ಸಾರು ರುಚಿ ನೋಡೋಕೆ ಕೊಡುವಾಗ? ಕಣ್ಣಲ್ಲಿ ನೋಡೋದಲ್ಲ ಅದು, ತಿಂದು ಪರೀಕ್ಷೆ ಮಾಡು ಅಂತ. ಜಪಾನಿನವರು 'ತಾಬೆತೆ ಮಿರು' ಅಂತಾರೆ. 'ತಾಬೆತೆ' ಅಂದ್ರೆ ತಿಂದು, 'ಮಿರು' ಅಂದ್ರೆ ನೋಡು. ಅಕ್ಷರಕ್ಕೆ ಅಕ್ಷರ ನಮ್ಮದೇ! ನಾವು 'ಎಲ್ಲಾ ತಿಂದುಬಿಟ್ಟೆ' ಅಂತ ಆ 'ಬಿಟ್ಟೆ' ಸೇರಿಸ್ತೀವಲ್ಲ, ಮುಗೀತು, ಇನ್ನೇನೂ ಮಾಡಂಗಿಲ್ಲ ಅನ್ನೋ ಹಂಗೆ, ಅದಕ್ಕೂ ಅವರಲ್ಲಿ ಅಂಥದ್ದೇ ಒಂದು ಬಾಲ ಐತೆ, 'ತಾಬೆತೆ ಶಿಮತ್ತಾ'. ಕಾಗದ 'ಓದಿ ಕೊಟ್ಲು' ಅಂತ ನಾವು ಅಂದ್ರೆ ಅವರೂ ಓದಿ, ಕೊಟ್ಲು ಅಂತಲೇ ಅಂತಾರೆ. ನಾವು 'ಬರ್ತೀನಿ ಅಂತ ಹೇಳಿದ್ಲು' ಅನ್ನುವಾಗ ನಡುವೆ 'ಅಂತ' ಇಡ್ತೀವಿ, ಅವರು ಅದೇ ಜಾಗದಲ್ಲಿ 'ತೊ' ಇಡ್ತಾರೆ. ಮಾತಿನ ಸಾಲು ನಮ್ಮ ಹಂಗೇ: ನಾನು, ಅನ್ನ, ಉಣ್ತೀನಿ. ಇಂಗ್ಲಿಷಿನ ಹಂಗೆ ನಾನು, ಉಣ್ತೀನಿ, ಅನ್ನ ಅಂತ ತಲೆಕೆಳಗು ಮಾಡಂಗಿಲ್ಲ. ಇದು, ಅದು, ಯಾವುದು ಅನ್ನೋದಕ್ಕೆ ಕೊರೆ, ಸೊರೆ, ಆರೆ, ದೊರೆ. 'ದೊರೆ' ಅಂದ್ರೆ ಅವರಲ್ಲಿ 'ಯಾವುದು' ಅಂತ, ಕೇಳಿ ನಮ್ಮೆಜಮಾನ್ರು ಬಿದ್ದು ಬಿದ್ದು ನಕ್ರು. ನಾವು ಫಳಫಳ ಅಂದ್ರೆ ಅವರು ಪಿಕಾಪಿಕಾ. ಗುಡುಗು ನಮಗೆ ಗುಡುಗುಡು, ಅವರಿಗೆ ಗೊರೊಗೊರೊ.

ನಂಟಸ್ತಿಕೆ ಐತೆ ಅಂತ ನಾನು ಹೇಳ್ತಾ ಇಲ್ಲ. ಒಬ್ಬ ಜಪಾನಿ ಪಂಡಿತರು, ಸುಸುಮು ಓನೋ ಅಂತ, ಜಪಾನಿಗೂ ತಮಿಳಿಗೂ ಸಂಬಂಧ ಐತೆ ಅಂತ ವಾದ ಮಾಡಿದ್ರಂತೆ, ಬೇರೆ ಪಂಡಿತರು ಬಹುಪಾಲು ಜನ ಒಪ್ಪಲಿಲ್ಲ. ಸಂಬಂಧ ಇಲ್ಲದೇನೇ ಎರಡು ಮನೆ ಒಲೆ ಒಂದೇ ಥರ ಇರಬಹುದು. ನನ್ನ ಮಾತು ಇಷ್ಟೇ. ಹಳ್ಳಿ ಶಾಲೇಲಿ ಕನ್ನಡದಲ್ಲಿ ಓದಿದ ಹುಡುಗಿ, ಇಂಗ್ಲಿಷು ಬರಲ್ಲ ಅಂತ ಕಾಲೇಜಲ್ಲಿ ಹಿಂದಿನ ಬೆಂಚಲ್ಲಿ ಕುಂತ ಹುಡುಗಿ, ಇವ್ಳಿಗೆ ಒಂದು ದೊಡ್ಡ ಭಾಷೆ ಬಾಗಿಲು ತೆಗೆದು 'ನಿನ್ನ ಕನ್ನಡ ತಗೊಂಡು ಬಾ, ಅದು ಇಲ್ಲಿ ಕೆಲಸಕ್ಕೆ ಬತ್ತದೆ' ಅಂತ ಹೇಳ್ತಾ ಐತೆ. ಇಂಗ್ಲಿಷು ಅವ್ಳಿಗೆ ಯಾವತ್ತೂ ಹಂಗೆ ಹೇಳಲಿಲ್ಲ. ಇದಕ್ಕೆ ನಗೋದಾ?

ಈಗ ನಿಮ್ಮ ಮಾತುಗಳಿಗೆ ಬತ್ತೀನಿ.

ಎಲ್ಲಕ್ಕಿಂತ ದೊಡ್ಡ ಮಾತು, 'ಆ ಹುಡುಗಿ ದುಡ್ಡು ಕಳ್ಕೊಂಡಿಲ್ವಾ' ಅನ್ನೋದು. ಹೌದು, ಕಳ್ಕೊಂಡ್ಲು. ನಮ್ಮ ನೆಂಟರ ಪೈಕಿಯ ಆ ನರ್ಸಿಂಗ್ ಹುಡುಗಿ ವಿಷಯ ಎಲ್ರಿಗೂ ಗೊತ್ತು. ಮೂರು ತಿಂಗಳಲ್ಲಿ ಜಪಾನಿ ಕಲಿಸ್ತೀವಿ, ಆರು ತಿಂಗಳಲ್ಲಿ ವಿಮಾನ ಹತ್ತಿಸ್ತೀವಿ ಅಂತ ಒಂದು ಕೋಚಿಂಗ್ ಅಂಗಡಿಯವರು ಹೇಳಿದ್ರು. 80 ಸಾವಿರ ಕಟ್ಟಿಸ್ಕೊಂಡ್ರು. ಅವರಪ್ಪ ಆಲೂಗಡ್ಡೆ ಬೆಳೆ ಮೇಲೆ ಕೈಸಾಲ ತಂದು ಕಟ್ಟಿದ್ದು. ಆ ವರ್ಷ ಅಂಗಮಾರಿ ಬಂದು ಆಲೂಗಡ್ಡೆನೂ ಹೋಯ್ತು. ಹುಡುಗಿ ಕೈಗೆ ಎನ್5 ಅನ್ನೋ ಒಂದು ಸರ್ಟಿಫಿಕೇಟ್ ಬಂತು. ವಿಮಾನ ಬರಲಿಲ್ಲ. ಅಂಗಡಿಯವರು ಫೋನ್ ಎತ್ತಲಿಲ್ಲ. ಅವ್ಳು ಎರಡು ತಿಂಗಳು ಮನೆಯಿಂದ ಆಚೆ ಬರಲಿಲ್ಲ, ಅವ್ಳಮ್ಮ ನನ್ನ ಹತ್ರ ಕುಂತು ಅತ್ತಿದ್ದು ನೆನೆಸಿಕೊಂಡ್ರೆ ಈಗ್ಲೂ ಎದೆ ಹಿಂಡ್ತದೆ.

ಆದ್ರೆ ನೀವು ಇದರಿಂದ ಕಲಿತಿದ್ದು ಏನು? ಜಪಾನಿ ಭಾಷೆ ಮೋಸ ಅಂತ. ಕಲಬೆರಕೆ ಗೊಬ್ಬರ ಮಾರಿದವನನ್ನ ಬಿಟ್ಟು ಭೂಮಿಯನ್ನ ಬೈದಂಗಾಯ್ತು. ಆ ಎನ್5 ಅಂದ್ರೆ ಏನು ಅಂತ ಆವತ್ತು ಯಾರಾದ್ರೂ ಕೇಳಿದ್ವಾ? ನಾನೂ ಕೇಳಲಿಲ್ಲ. ಈಗ ತಿಳ್ಕೊಂಡಿದೀನಿ, ಕೇಳಿ. ಜಪಾನಿ ಭಾಷೆ ಪರೀಕ್ಷೆಗೆ ಐದು ಮೆಟ್ಟಿಲು. ಎನ್5 ಅತಿ ಕೆಳಗಿಂದು, ಎನ್1 ಅತಿ ಮೇಲಿಂದು. ಹೆಚ್ಚಿನ ನಂಬರ್ ಅಂದ್ರೆ ಹೆಚ್ಚಿನ ವಿದ್ಯೆ ಅಂತ ನಾವು ಅಂದ್ಕೊಂಡ್ವಿ, ಅಂಗಡಿಯವರೂ ಅಂದ್ಕೊಳ್ಳೋಕೆ ಬಿಟ್ರು. ಅವರ ಬರವಣಿಗೇಲಿ 46 46ರ ಎರಡು ಅಕ್ಷರಮಾಲೆ, ಅದರ ಮೇಲೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳು. ಅಲ್ಲಿಯ ಸರ್ಕಾರ ದಿನಬಳಕೆಗೆ ಅಂತ ಪಟ್ಟಿ ಮಾಡಿರೋದೇ 2,136. ಎನ್5ಗೆ ಬೇಕಾಗೋದು ಅದರಲ್ಲಿ ಸುಮಾರು 100. ಅಂದ್ರೆ ನಮ್ಮ ಮಕ್ಕಳು ಒಂದನೇ ಕ್ಲಾಸಲ್ಲಿ ಬಸವ, ಕಮಲ ಅಂತ ಓದ್ತಾರಲ್ಲ, ಅಷ್ಟು. ಅದನ್ನ ಇಟ್ಕೊಂಡು ಯಾರು ಕೆಲಸ ಕೊಡ್ತಾರೆ? ಇನ್ನೊಂದು ಕೇಳಿ, ಆ ಪರೀಕ್ಷೇಲಿ ಬಾಯಿಬಿಟ್ಟು ಒಂದು ಮಾತೂ ಆಡಂಗಿಲ್ಲ, ಕೈಯಲ್ಲಿ ಒಂದು ಸಾಲೂ ಬರೆಯಂಗಿಲ್ಲ. ಓದಿ, ಕೇಳಿ, ಸರಿ ಉತ್ತರಕ್ಕೆ ಗುರುತು ಹಾಕೋದು ಅಷ್ಟೇ. ಗುರುತು ಹಾಕೋದು ಕಲಿಸಿ ಭಾಷೆ ಕಲಿಸಿದ್ವಿ ಅಂತ ದುಡ್ಡು ಎಣಿಸ್ಕೊಂಡ್ರು.

ಹಾಸನಾಂಬೆ ಬಾಗಿಲು ವರ್ಷಕ್ಕೆ ಒಂದು ಸಲ ತೆಗೆದ್ರೆ, ಈ ಪರೀಕ್ಷೆ ಬಾಗಿಲು ಎರಡು ಸಲ, ಜುಲೈ ಮೊದಲ ಭಾನುವಾರ, ಡಿಸೆಂಬರ್ ಮೊದಲ ಭಾನುವಾರ. ಬೆಂಗಳೂರಲ್ಲೇ ನಡೀತದೆ. ಅರ್ಜಿ ಯಾರು ಬೇಕಾದ್ರೂ ಹಾಕಬಹುದು, ದಲ್ಲಾಳಿ ಬೇಕಿಲ್ಲ.

ಕೆಲಸಕ್ಕೆ ಅಂತ ಹೋಗೋ ದಾರಿ ಇಲ್ವಾ ಅಂದ್ರೆ, ಐತೆ, ಸುಳ್ಳಲ್ಲ. ಅವರ ದೇಶದಲ್ಲಿ ನೂರಕ್ಕೆ 29 ಜನ 65 ದಾಟಿದವರು, ಮುದುಕರನ್ನ ನೋಡ್ಕೊಳ್ಳೋಕೆ ಜನ ಇಲ್ಲ. 2021ರ ಜನವರೀಲಿ ಎರಡೂ ಸರ್ಕಾರ ಒಪ್ಪಂದ ಮಾಡ್ಕೊಂಡು ಕೌಶಲ್ಯ ಇರೋರಿಗೆ ವೀಸಾ ಕೊಡೋದು ಅಂತ ಆಯ್ತು. 2025ರ ಆಗಸ್ಟಲ್ಲಿ ನಮ್ಮ ಪ್ರಧಾನಿ ಅಲ್ಲಿಗೆ ಹೋದಾಗ, ಐದು ವರ್ಷದಲ್ಲಿ ಎರಡೂ ಕಡೆಯಿಂದ 5 ಲಕ್ಷ ಜನ ಹೋಗಿ ಬರಬೇಕು, ಅದರಲ್ಲಿ 50 ಸಾವಿರ ಕುಶಲಕರ್ಮಿಗಳು ಇಲ್ಲಿಂದ ಹೋಗಬೇಕು ಅಂತ ಗುರಿ ಇಟ್ರು. ಆದ್ರೆ ಆ ವೀಸಾಗೂ ಎನ್4 ಅಥವಾ ಅದಕ್ಕೆ ಸಮ ಅನ್ನಿಸೋ ಇನ್ನೊಂದು ಪರೀಕ್ಷೆ ಬೇಕು, ಜೊತೆಗೆ ಕೆಲಸದ ಪರೀಕ್ಷೆ ಬೇರೆ, ಮುದುಕರ ಆರೈಕೆ ಕೆಲಸಕ್ಕೆ ಅದರದೇ ಭಾಷೆ ಪರೀಕ್ಷೆ ಮತ್ತೂ ಬೇರೆ. ಎನ್5 ಕೊಟ್ಟು ಕೈ ತೊಳ್ಕೊಂಡವರು ಇದನ್ನೆಲ್ಲ ಹೇಳಿದ್ರಾ? ಗುರಿಯ ಲೆಕ್ಕ ಪೇಪರಲ್ಲಿ ಬಂದ ಕೂಡ್ಲೇ ಇಂಥ ಅಂಗಡಿ ಇನ್ನೂ ಹತ್ತು ಹುಟ್ಕೋತವೆ, ನೋಡ್ತಾ ಇರಿ. ಅದಕ್ಕೇ ನಾನು ಯೂನಿವರ್ಸಿಟಿ, ಯೂನಿವರ್ಸಿಟಿ ಅಂತ ಬಡ್ಕೊಳ್ತಾ ಇರೋದು.

ಯೂನಿವರ್ಸಿಟಿ ಅಂದ್ರೆ ಎಲ್ಲೋ ದೂರದಲ್ಲಿ ಅಂತ ಅಂದ್ಕೋಬೇಡಿ. ದೆಹಲಿಯ ಜೆ.ಎನ್.ಯು.ನಲ್ಲಿ ಜಪಾನಿ, ಚೀನೀ, ಕೊರಿಯನ್ ಮೂರರಲ್ಲೂ ಬಿ.ಎ. ಮಾಡಬಹುದು. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾಲಯ ಐತೆ. ಟಾಗೋರರ ಶಾಂತಿನಿಕೇತನದಲ್ಲಿ ಚೀನಾ ಭವನ ಶುರುವಾಗಿದ್ದೇ 1937ರಲ್ಲಿ, ಸ್ವಾತಂತ್ರ್ಯ ಬರೋಕೆ 10 ವರ್ಷ ಮೊದಲು. ನಮ್ಮ ಬೆಂಗಳೂರಲ್ಲೇ ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಬೆಂಗಳೂರು ನಗರ ವಿಶ್ವವಿದ್ಯಾಲಯದವರು ವಿದೇಶೀ ಭಾಷೆ ಕಲಿಸ್ತಾರೆ, ನಮ್ಮ ಹುಡುಗಿ ಹೋಗ್ತೀನಿ ಅನ್ನೋದು ಅಲ್ಲಿಗೇ. ಅದೇ ಸೆಂಟ್ರಲ್ ಕಾಲೇಜಲ್ಲಿ 1881ರಲ್ಲಿ ಬಿ.ಎ. ಮುಗಿಸಿದ ಒಬ್ಬರು ಆಮೇಲೆ 1898ರಲ್ಲಿ ಜಪಾನಿಗೆ ಹೋಗಿ ಮೂರು ತಿಂಗಳು ಅಲ್ಲಿಯ ಶಾಲೆ, ಕಾರ್ಖಾನೆ ಎಲ್ಲಾ ನೋಡ್ಕೊಂಡು ಬಂದ್ರು. ವಿಶ್ವೇಶ್ವರಯ್ಯನವರು. ಅವರ ಫೋಟೋ ನಿಮ್ಮ ಅರ್ಧ ಜನದ ಮನೆ ಹಜಾರದಲ್ಲಿ ಐತೆ. ಅವರು ಹೋದ್ರೆ ದೊಡ್ಡತನ, ನಮ್ಮ ಹುಡುಗಿ ಹೋಗ್ತೀನಿ ಅಂದ್ರೆ ನೂಡಲ್ಸು.

'ಅವರ ಭಾಷೆ ಕಟ್ಕೊಂಡು ನಮಗೇನು' ಅಂತೀರಾ? ನನ್ನ ತವರು ಚನ್ನರಾಯಪಟ್ಟಣದ ಕಡೆ, ನಿಮಗೆ ಗೊತ್ತು. ನಮ್ಮಪ್ಪ ರೇಷ್ಮೆ ಸಾಕ್ತಿದ್ರು. ಚಂದ್ರಿಕೆ ತೊಳೆದೂ ತೊಳೆದೂ ನನ್ನ ಕೈ ಸವೆದಿದೆ. ಆಗೆಲ್ಲ ಹಳದಿ ಗೂಡು. ಆಮೇಲೆ ಬಿಳಿ ಗೂಡಿನ ದ್ವಿತಳಿ ಮೊಟ್ಟೆ ಬಂತು, ನೂಲು ಉದ್ದ, ರೇಟು ಜಾಸ್ತಿ. ಅದು ಎಲ್ಲಿಂದ ಬಂತು ಅಂತ ನಾವು ಕೇಳಲೇ ಇಲ್ಲ. 1991ರಿಂದ ಜಪಾನಿನ ತಜ್ಞರು ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೇಲಿ ಕುಂತು ನಮ್ಮ ವಿಜ್ಞಾನಿಗಳ ಜೊತೆ ಸೇರಿ ನಮ್ಮ ಹವೆಗೆ ಹೊಂದೋ ತಳಿ ತಯಾರು ಮಾಡೋಕೆ ವರ್ಷಗಟ್ಟಲೆ ಕೆಲಸ ಮಾಡಿದ್ರು. ಅದಕ್ಕೂ ನೂರು ವರ್ಷ ಹಿಂದೆ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಲ್ಲಿ ರೇಷ್ಮೆ ಫಾರಂ ಮಾಡಿಸಿದಾಗಲೂ ಕಲಿಸೋಕೆ ಜಪಾನಿನವರನ್ನೇ ಕರೆಸಿದ್ರು. ಇವತ್ತು ದೇಶದಲ್ಲಿ ಎಲ್ಲಕ್ಕಿಂತ ಜಾಸ್ತಿ ರೇಷ್ಮೆ ತೆಗೆಯೋದು ನಮ್ಮ ಕರ್ನಾಟಕ, ಜಪಾನಿನಲ್ಲೇ ಸಾಕೋರು ಬೆರಳೆಣಿಕೆ ಆಗಿದ್ದಾರೆ. ಅಂದ್ರೆ ನಾವು ಉಟ್ಟ ಧಾರೆಸೀರೆಗೂ ಅವರಿಗೂ ಲೆಕ್ಕ ಐತೆ. ಬಿಡದೀಲಿ ಟೊಯೋಟಾ ಕಾರ್ಖಾನೆ 1999ರಿಂದ ಕಾರು ತೆಗೀತಾ ಐತೆ, ಅದಕ್ಕೆ ಬಿಡಿಭಾಗ ಮಾಡೋರು ಸುತ್ತಮುತ್ತ ಎಷ್ಟೋ ಜನ. ಅಂಥ ಕಡೆ ಲೆಕ್ಕ ಬರೆಯೋಳಿಗೆ ಜಪಾನಿ ಓದೋಕೆ ಬರೆಯೋಕೆ ಬಂದ್ರೆ ಅವ್ಳ ಬೆಲೆ ಬೇರೆ.

ಇಲ್ಲಿ ಒಂದು ಮಾತು ಹುಡುಗೀರಿಗೂ ಹೇಳಬೇಕು, ಬರೀ ದೊಡ್ಡವರನ್ನೇ ಬೈಯೋದು ನ್ಯಾಯ ಅಲ್ಲ. ಭಾಷೆ ಒಂದನ್ನೇ ಹಿಡ್ಕೊಂಡು ಹೊಟ್ಟೆ ತುಂಬ್ತದೆ ಅಂತ ನಂಬಬೇಡಿ. ಬರೀ ಉಪ್ಪನ್ನ ಯಾರೂ ಉಣ್ಣಲ್ಲ. ಲೆಕ್ಕಪತ್ರ, ನರ್ಸಿಂಗು, ಕಂಪ್ಯೂಟರು, ರೇಷ್ಮೆ, ಏನಾದ್ರೂ ಒಂದು ಹಿಟ್ಟು ಇರಬೇಕು, ಭಾಷೆ ಅದಕ್ಕೆ ಸೇರಬೇಕು. ಬರೀ ಭಾಷೆ ಓದಿ ಮೇಷ್ಟ್ರೋ ಅನುವಾದಕರೋ ಆಗ್ತೀನಿ ಅನ್ನೋರು ಎನ್1 ತನಕ ಏರೋ ಹಟ ಇಟ್ಕೊಂಡೇ ಹೋಗ್ಬೇಕು, ಅದು ವರ್ಷಗಳ ಕೆಲಸ. ಕೊರಿಯಾದ ಹಾಡು ಹಾಡೋ ಹುಡುಗರ ಪೋಸ್ಟರ್ ಅಂಟಿಸ್ಕೊಂಡು ಆರು ತಿಂಗಳಲ್ಲಿ ಬೇಜಾರಾಗಿ ಬಿಡೋದಾದ್ರೆ ಅಪ್ಪ ಅಮ್ಮನ ದುಡ್ಡು ಉಳಿಸಿ.

'ಈಗ ಫೋನೇ ಎಲ್ಲಾ ಭಾಷೆ ಹೇಳ್ತದಲ್ಲ' ಅನ್ನೋದು ನನ್ನ ಮಗನ ಮಾತು. ಬುದ್ಧಿವಂತ ಮಾತೇ, ಒಪ್ತೀನಿ. ಆದ್ರೆ ಒಂದು ಕೇಳ್ತೀನಿ. ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು ಕೇಸರಿಬಾತು ತಿಂದು ಎದ್ದು ಹೋಗ್ತಾ 'ನೋಡಾಣ, ಮನೇಲಿ ಮಾತಾಡಿ ತಿಳಿಸ್ತೀವಿ' ಅಂದ್ರೆ ಅದರ ಅರ್ಥ ಏನು? ನಿಮಗೆ ಗೊತ್ತು, ನಂಗೆ ಗೊತ್ತು, ಬಾಗಿಲ ಸಂದೀಲಿ ನಿಂತ ಹುಡುಗಿಗೂ ಗೊತ್ತು. ಆಗಲ್ಲ ಅಂತ. ಫೋನಿಗೆ ಹಾಕಿ ನೋಡಿ, ಅದು 'ವಿಚಾರ ಮಾಡಿ ತಿಳಿಸುತ್ತೇವೆ' ಅಂತ ನೆಟ್ಟಗೆ ಹೇಳ್ತದೆ. ನೀವು ಒಂದು ತಿಂಗಳು ಕಾಯ್ತಾ ಕುಂತ್ಕೋಬೇಕು. ಜಪಾನಿನವರೂ ಹಂಗೇ ಅಂತೆ. ಮುಖಕ್ಕೆ ಹೊಡೆದಂಗೆ ಇಲ್ಲ ಅನ್ನಲ್ಲ. 'ಪರಿಶೀಲನೆ ಮಾಡ್ತೀವಿ' ಅಂತಾರೆ, ಅಥವಾ 'ಅದು ಒಂದೀಟು...' ಅಂತ ಮಾತು ನಿಲ್ಲಿಸಿ ಬಿಡ್ತಾರೆ. ಆ ನಿಲ್ಲಿಸಿದ ಜಾಗದಲ್ಲಿ ವ್ಯಾಪಾರ ಮುರಿದುಬಿದ್ದಿರ್ತದೆ. ದೊಡ್ಡವರ ಮುಂದೆ ಒಂದು ಕ್ರಿಯಾಪದ, ಸಮಾನರ ಮುಂದೆ ಇನ್ನೊಂದು, ತಮ್ಮ ಮನೆಯವರ ಬಗ್ಗೆ ಹೊರಗಿನವರಿಗೆ ಹೇಳುವಾಗ ತಗ್ಗಿಸಿ ಮತ್ತೊಂದು. ಅತ್ತೆ ಮಾವ, ನಾದಿನಿ, ವಾರಗಿತ್ತಿ, ಭಾವ ಎಲ್ರ ನಡುವೆ ಯಾರಿಗೆ ನೀನು, ಯಾರಿಗೆ ನೀವು ಅಂತ ಅಳೆದು ತೂಗಿ ಮೂವತ್ತು ವರ್ಷ ಬದುಕಿದ ನಮಗೆ ಇದು ತಿಳಿಯದ ವಿದ್ಯೆನಾ? ಇದನ್ನ ಮೂರು ತಿಂಗಳ ಕೋಚಿಂಗಲ್ಲಿ ಕಲಿಸೋಕಾಗಲ್ಲ. ಅದಕ್ಕೇ ಭಾಷೆ ಜೊತೆ ಸಂಸ್ಕೃತಿ, ಚರಿತ್ರೆ, ಕಥೆ ಎಲ್ಲಾ ಓದಬೇಕಾಗೋದು.

ಆಮೇಲೆ ಆ ಕಣ್ಣು ಎಳೆದು ತೋರಿಸಿದ್ದು. ಅದನ್ನ ನಾನು ಬಿಡಲ್ಲ. ಚಳಿಗಾಲದಲ್ಲಿ ಸ್ವೆಟರ್ ಮಾರೋಕೆ ಬರ್ತಾರಲ್ಲ ಟಿಬೆಟಿನವರು, ಅವರನ್ನ ನಾವು 'ಚೀನಾದವರು' ಅಂತೀವಿ. ಅರಕಲಗೂಡಿನವರೇ, ನಿಮಗಂತೂ ಬೈಲಕುಪ್ಪೆ ಹಿತ್ತಲ ಮನೆ ಇದ್ದಂಗೆ. ಅವರು ಯಾರಿಗೆ ಹೆದರಿ ಊರು ಬಿಟ್ಟು ಬಂದ್ರೋ ಅವರದೇ ಹೆಸರಿಟ್ಟು ಅವರನ್ನ ಕರೀತೀವಿ, ಅವರು ನಕ್ಕೊಂಡು ಸ್ವೆಟರ್ ಕೊಡ್ತಾರೆ. 2012ರ ಆಗಸ್ಟಲ್ಲಿ ಬೆಂಗಳೂರಿನ ರೈಲ್ವೆ ಸ್ಟೇಷನ್ನಲ್ಲಿ ಗಾಳಿಸುದ್ದಿಗೆ ಹೆದರಿ ಸಾವಿರಾರು ಜನ ಈಶಾನ್ಯದ ಹುಡುಗ ಹುಡುಗೀರು ರೈಲು ಹತ್ತಿದ್ದು ಟಿ.ವಿ.ಲಿ ನೋಡಿಲ್ವಾ? ನಮ್ಮದೇ ದೇಶದ ಮಕ್ಕಳು ಅವರು. ಚೀನಾದವರು ಯಾರು, ಕೊರಿಯಾದವರು ಯಾರು, ಮಣಿಪುರದವರು ಯಾರು ಅಂತ ಬಿಡಿಸಿ ನೋಡೋಕೆ ಬರೋ ಒಬ್ಬಳಾದ್ರೂ ನಮ್ಮ ವಂಶದಲ್ಲಿ ಇರಲಿ. ಚೀನೀ ಭಾಷೆನೂ ಓದಬೇಕು ಅಂತ ನಾನಂತೀನಿ, ಗಡೀಲಿ ಜಗಳ ಇರೋದಕ್ಕೇ ಓದಬೇಕು. 2020ರ ಹೊಸ ಶಿಕ್ಷಣ ನೀತೀಲಿ ಶಾಲೆಗಳಲ್ಲಿ ಕಲಿಸಬಹುದಾದ ವಿದೇಶೀ ಭಾಷೆಗಳಿಗೆ ಉದಾಹರಣೆ ಕೊಡುವಾಗ ಕೊರಿಯನ್ನು, ಜಪಾನಿ ಹೆಸರು ಬರೆದು, ಕರಡಿನಲ್ಲಿದ್ದ ಚೀನೀ ಹೆಸರನ್ನ ಬಿಟ್ರು. ಪಕ್ಕದ ಮನೆಯವರ ಜೊತೆ ಬೇಲಿ ವ್ಯಾಜ್ಯ ಇದ್ದಾಗ ಅವರ ಮಾತು ತಿಳಿಯೋರು ನಮ್ಮ ಕಡೆ ಇರಬೇಕೋ ಬೇಡವೋ? ಅಂದ್ಹಂಗೆ ಚೀನೀ ಮಾತು ಜಪಾನಿ ಥರ ಅಲ್ಲ. ಸಾಲೂ ಬೇರೆ, ರಾಗ ಬದಲಾದ್ರೆ ಅರ್ಥವೇ ಬದಲಾಗ್ತದೆ. ಮೂರನ್ನೂ ಒಂದೇ ಗುಡಾಣಕ್ಕೆ ಹಾಕಬೇಡಿ.

ಇನ್ನು ಹೆಂಗಸರ ಮಾತು. ಇದನ್ನ ಹುಡುಗಿ ಹೇಳಿದ ದಿನ ನಾನು ರಾತ್ರಿ ನಿದ್ದೆ ಮಾಡಲಿಲ್ಲ. ಜಪಾನಿನಲ್ಲಿ ಸಾವಿರ ವರ್ಷದ ಹಿಂದೆ ವಿದ್ಯೆ ಅಂದ್ರೆ ಚೀನೀ ಭಾಷೆ, ಅದು ಗಂಡಸರಿಗೆ. ಹೆಂಗಸರು ಸುಲಭದ ಹಿರಗಾನ ಅಕ್ಷರದಲ್ಲಿ ಬರೀತಿದ್ರು, ಅದಕ್ಕೆ 'ಹೆಂಗಸರ ಕೈಬರಹ' ಅಂತಲೇ ಹೆಸರು. ಕೊರಿಯಾದಲ್ಲಿ ಸೆಜೊಂಗ್ ರಾಜ 1446ರಲ್ಲಿ ಜನಸಾಮಾನ್ಯರಿಗೆ ಅಂತ ಹೊಸ ಅಕ್ಷರ ಪ್ರಕಟ ಮಾಡಿದಾಗ ಅಲ್ಲಿಯ ಪಂಡಿತರು ಅದನ್ನೂ ಹೆಂಗಸರ ಅಕ್ಷರ ಅಂತ ಮೂಗು ಮುರಿದ್ರು. ಇವತ್ತು ಆ ದೇಶ ನಡೆಯೋದೇ ಆ ಅಕ್ಷರದಲ್ಲಿ. ಜಪಾನಿನ ಆ ಕಾಲದಲ್ಲಿ ಮುರಾಸಾಕಿ ಶಿಕಿಬು ಅಂತ ಒಬ್ಬಾಕೆ ಇದ್ಲು. ಅವ್ಳಪ್ಪ ಮಗನಿಗೆ ಚೀನೀ ಪಾಠ ಹೇಳ್ಕೊಡುವಾಗ ಇವ್ಳು ಪಕ್ಕದಲ್ಲಿ ಕುಂತು ಕೇಳಿಸ್ಕೊಂಡೇ ಅವನಿಗಿಂತ ಮುಂಚೆ ಕಲಿತಿದ್ಲಂತೆ. ಅಪ್ಪ 'ಅಯ್ಯೋ, ಇವ್ಳು ಗಂಡಾಗಿ ಹುಟ್ಟಲಿಲ್ವಲ್ಲ' ಅಂತ ಪೇಚಾಡ್ತಿದ್ರು ಅಂತ ಅವ್ಳೇ ದಿನಚರೀಲಿ ಬರೆದಿಟ್ಟವ್ಳೆ. ಆಮೇಲೆ ಆಕೆ ಬರೆದ ಗೆಂಜಿಯ ಕಥೆಯನ್ನ ಇವತ್ತೂ ಪ್ರಪಂಚ ಓದ್ತದೆ.

ನಂಗೆ ಪಿ.ಯು.ಸಿ.ಲಿ ನಮ್ಮಣ್ಣನಿಗಿಂತ ನಂಬರ್ ಜಾಸ್ತಿ ಬಂದಿತ್ತು. ಅವನು ಬಿ.ಎಸ್ಸಿ.ಗೆ ಮೈಸೂರಿಗೆ ಹೋದ. ನಾನು ಚಂದ್ರಿಕೆ ತೊಳೆದೆ. ನಮ್ಮಪ್ಪನೂ ಅದೇ ಮಾತು ಅಂದಿದ್ರು, 'ನೀನು ಗಂಡಾಗಿದ್ರೆ' ಅಂತ. ಸಾವಿರ ವರ್ಷದ ಹಿಂದಿನ ಜಪಾನಿನ ಅಪ್ಪನೂ ನಮ್ಮಪ್ಪನೂ ಒಂದೇ ಮಾತು ಅಂದಿದ್ರು ಅಂತ ಐವತ್ತು ದಾಟಿದ ಮೇಲೆ ನಂಗೆ ಗೊತ್ತಾಯ್ತು. ಅಪ್ಪ ಕೆಟ್ಟೋರಲ್ಲ. ಆದ್ರೆ ಆ ಮಾತು ಇನ್ನೊಂದು ಸಲ ಈ ಮನೇಲಿ ಕೇಳಿಸೋಕೆ ನಾನು ಬಿಡಲ್ಲ.

ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಎಲ್ರೂ ಸ್ಟೇಟಸ್ ಹಾಕಿದ್ರಿ. 'ನಮ್ಮ ಹಾಸನ' ಅಂತ ಎದೆ ಉಬ್ಬಿಸಿದ್ರಿ, ನಾನೂ ಹಾಕಿದ್ದೆ. ಆ 50 ಸಾವಿರ ಪೌಂಡಿನ ಬಹುಮಾನದಲ್ಲಿ ಅರ್ಧ ಅನುವಾದ ಮಾಡಿದ ದೀಪಾ ಭಾಸ್ತಿ ಅವರಿಗೆ ಹೋಯ್ತು, ಗೊತ್ತಾ? ಬರೆದವರಿಗೆ ಎಷ್ಟೋ ದಾಟಿಸಿದವರಿಗೂ ಅಷ್ಟೇ. ಕನ್ನಡದಿಂದ ನೇರ ಜಪಾನಿಗೆ, ಕೊರಿಯನ್ನಿಗೆ ದಾಟಿಸೋರು ಎಷ್ಟು ಜನ ಇದ್ದಾರು? ನಮ್ಮ ಹುಡುಗಿ ಅದನ್ನ ಮಾಡೇ ಮಾಡ್ತಾಳೆ ಅಂತ ನಾನು ಹೇಳಲ್ಲ. ಅವ್ಳು ಬಿಡದೀಲಿ ಬಿಲ್ಲು ತಿದ್ದಿಕೊಂಡು ಇದ್ರೂ ನಂಗೆ ಸಂತೋಷವೇ. ಆ ದಾರಿ ಒಂದು ಐತೆ ಅಂತ ಹೇಳ್ತಾ ಇದೀನಿ ಅಷ್ಟೇ.

'ಅಲ್ಲೇ ಯಾರನ್ನಾದ್ರೂ ಕಟ್ಕೊಂಡ್ರೆ?' ಇದು ಬಾಯಿಬಿಟ್ಟು ಹೇಳದೆ ಎಲ್ರ ಮನಸ್ಸಲ್ಲೂ ಇರೋ ಮಾತು. ನಮ್ಮ ಕುಲದ ನಾಲ್ಕು ಗಂಡುಮಕ್ಕಳು ಅಮೆರಿಕದಲ್ಲವ್ರೆ. ಹೋಗುವಾಗ ಲಾಡು ಹಂಚಿದ್ರಿ. ಅದರಲ್ಲೊಬ್ಬ ಅಲ್ಲಿಯೋಳನ್ನೇ ಮದುವೆಯಾಗಿ ಕರ್ಕೊಂಡು ಬಂದಾಗ ಸೋಬಾನೆ ಹಾಡಿ ಸೇರು ಒದೆಸಿ ಒಳಗೆ ಕರ್ಕೊಂಡ್ರಿ, ನಾನೂ ಆರತಿ ತಟ್ಟೆ ಹಿಡಿದಿದ್ದೆ. ಹುಡುಗಿ ಬೆಂಗಳೂರಿಗೆ ಹೋಗೋದಕ್ಕೇ ಇಷ್ಟು ಮಾತು. ನಾನು ಇದಕ್ಕಿಂತ ಜಾಸ್ತಿ ಉತ್ತರ ಕೊಡಲ್ಲ.

ದುಡ್ಡು ಯಾರು ಕೊಡ್ತಾರೆ ಅಂತ ತಂಗಿ ಗಂಡ ಕೇಳಿದ್ರು, ಅವರ ಕಷ್ಟ ನಂಗೆ ಗೊತ್ತು, ಅವರ ಮೇಲೆ ಕೋಪ ಇಲ್ಲ. ಎರಡು ಹಸು ಒಂದು ಎಮ್ಮೆ ಹಾಲು ಡೇರಿಗೆ ಹಾಕ್ತೀನಲ್ಲ, ಆ ಬಟವಾಡೆ ನನ್ನ ಪಾಸ್‌ಬುಕ್ಕಿಗೆ ಬರೋದು. ಅದರಿಂದ ಬಳೆ ಮಾಡಿಸ್ಕೋಬೇಕು ಅಂತಿದ್ದೆ. ಬಳೆ ಮುಂದಿನ ವರ್ಷ ನೋಡಿದ್ರಾಯ್ತು. ಯೂನಿವರ್ಸಿಟಿ ಫೀಸು ಆ ಕೋಚಿಂಗಿನವರು ಕಿತ್ಕೊಂಡಿದ್ದರ ಹತ್ರಕ್ಕೂ ಬರಲ್ಲ, ಪಿ.ಜಿ. ಬಾಡಿಗೇನೇ ಜಾಸ್ತಿ. ಆ ನರ್ಸಿಂಗ್ ಹುಡುಗೀನೂ ಮೊನ್ನೆ ಸಂಜೆ ಬಂದಿದ್ಲು. ಅಕ್ಷರದ ಪುಸ್ತಕ ತಿರುವಿ ನೋಡಿ, 'ದೊಡ್ಡಮ್ಮ, ನಂಗೆ ಇದೆಲ್ಲ ಇನ್ನೂ ನೆನಪೈತೆ' ಅಂದ್ಲು. ಇವ್ಳ ಜೊತೆ ಕುಂತು ಎನ್4ಗೆ ಓದ್ಕೋತೀಯಾ ಅಂತ ಕೇಳಿದೆ. ಏನೂ ಹೇಳಲಿಲ್ಲ, ಪುಸ್ತಕ ಒಂದು ದಿನಕ್ಕೆ ಇಸ್ಕೊಂಡು ಹೋದ್ಲು, ಇನ್ನೂ ವಾಪಸ್ ತಂದಿಲ್ಲ.

ಸೋಮವಾರ ಬೆಳಿಗ್ಗೆ ನಾನೂ ಅವ್ಳೂ ಬೆಂಗಳೂರಿಗೆ ಹೊರಟಿದೀವಿ, ಅರ್ಜಿ ತರೋಕೆ, ಪಿ.ಜಿ. ನೋಡೋಕೆ. ಮೆಟ್ರೋದಲ್ಲಿ ಸೆಂಟ್ರಲ್ ಕಾಲೇಜ್ ಸ್ಟಾಪಿಗೆ ವಿಶ್ವೇಶ್ವರಯ್ಯನವರದೇ ಹೆಸರಂತೆ, ಅಲ್ಲಿ ಇಳೀಬೇಕಂತೆ. ಹಸು ಕರೆಯೋಕೆ ಪಕ್ಕದ ಮನೆಯವರು ಒಪ್ಕೊಂಡವ್ರೆ. ಎಮ್ಮೆ ಮಾತ್ರ ನನ್ನ ಬಿಟ್ರೆ ಯಾರಿಗೂ ಸೊರೆ ಬಿಡಲ್ಲ, ಅದಕ್ಕೆ ಸಂಜೆ ರೈಲಿಗೇ ವಾಪಸ್ ಬತ್ತೀನಿ. ಬೈಯೋರು ಮಂಗಳವಾರ ಬನ್ನಿ.